ಖಂಡೇನವಮಿಗೆ ಬೆಳಗಿದ ಕ್ಯಾಮೆರಾ

ಮಾರಲು ಬಂದವರ ಕೈಯಿಂದ ಕ್ಯಾಮೆರಾವನ್ನು ಇಸಿದುಕೊಳ್ಳಬಾರದು. ಅವರೇ ಅದನ್ನು ಮೇಜಿನ ಮೇಲೆ ಇಡಲಿ ಎಂದು ಕಾಯಬೇಕು. ಇದು ದಾಮಲೆ ಸಾಹೇಬರು ನನಗೆ ಕಲಿಸಿದ ಮೊದಲ ಪಾಠ. ವರ್ಷಗಟ್ಟಲೆ ಬಳಸಿದವರಾದರೆ ಕೆಳಗಿಡುವಾಗಲೂ ಅವರ ಹೆಬ್ಬೆರಳು ಫಿಲ್ಮ್ ಸರಿಸುವ ಗುಂಡಿಯ ಹತ್ತಿರವೇ ಇರುತ್ತದೆ. ಕಪಾಟು ಖಾಲಿ ಮಾಡುವಾಗ ಸಿಕ್ಕಿದ್ದನ್ನು ತಂದವರು ಉಪ್ಪಿನಕಾಯಿ ಭರಣಿ ಇಟ್ಟಹಾಗೆ ಎರಡೂ ಕೈಯಿಂದ ಹಗುರವಾಗಿ ಇಟ್ಟು, ಹಿಂದೆ ಸರಿದು ನಿಲ್ಲುತ್ತಾರೆ. ಅಷ್ಟರಲ್ಲೇ ಅರ್ಧ ವಿಷಯ ತಿಳಿದುಹೋಗುತ್ತದೆ.

ದಾಮಲೆಯವರ ಅಂಗಡಿ ಪುಣೆಯ ಲಕ್ಷ್ಮೀ ರಸ್ತೆಯ ಒಂದು ಒಳಗಲ್ಲಿಯಲ್ಲಿ, ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ನಾನು ಮದುವೆಯಾಗಿ ಧಾರವಾಡದಿಂದ ಬಂದು, ಬಿಲ್ಲು ಬರೆಯಲೆಂದು ಅಲ್ಲಿ ಸೇರಿದವಳು. ನಿವೃತ್ತಳಾಗುವ ಹೊತ್ತಿಗೆ ಹಳೆಯ ಕ್ಯಾಮೆರಾಗಳಿಗೆ ಬೆಲೆ ಕಟ್ಟುವುದೇ ನನ್ನ ಕೆಲಸವಾಗಿತ್ತು. ನಡುವೆ ಏನೇನಾಯಿತು, ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎಂಬುದರಲ್ಲಿ ಯಾರಿಗೂ ಆಸಕ್ತಿ ಇರಲಾರದು, ನನಗೂ ಇಲ್ಲ. ಆದರೆ ಈಗ ಫಿಲ್ಮ್ ಕ್ಯಾಮೆರಾಗಳಿಗೆ ಮತ್ತೆ ದಿನ ಬಂದಿದೆ. ಅವನ್ನು ಹುಡುಕಿ, ಕೊಂಡು, ಮಾರುವ ಕೆಲಸಕ್ಕೆ ಹೊಸಬರು ಇಳಿಯುತ್ತಿದ್ದಾರೆ. ಹಾಗೆ ಇಳಿದ ಕೆಲವರು ಮನೆಗೆ ಬಂದು ಕೇಳಿದಾಗ ಚಹಾ ಕೊಟ್ಟು ಹೇಳಿದ ಮಾತುಗಳೇ ಇಲ್ಲಿರುವುದು.

ಹೊಸಬರು ಹೆಚ್ಚಾಗಿ ಕೇಳುವುದು ರೇಂಜ್‌ಫೈಂಡರ್ ಕ್ಯಾಮೆರಾಗಳ ವಿಷಯ. ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ಈ ಕ್ಯಾಮೆರಾದಲ್ಲಿ ನಾವು ಮಸೂರದ ಮೂಲಕ ನೋಡುವುದಿಲ್ಲ. ಮೇಲ್ಗಡೆ ಎರಡು ಗಾಜಿನ ಕಿಂಡಿಗಳಿರುತ್ತವೆ, ಒಂದು ದೊಡ್ಡದು, ಒಂದು ಸಣ್ಣದು. ಎರಡರಿಂದಲೂ ಬಂದ ನೋಟ ಒಳಗೆ ಒಂದರ ಮೇಲೊಂದು ಬೀಳುತ್ತದೆ. ಎದುರಿಗಿರುವವರು ಮೊದಲು ಇಬ್ಬರಂತೆ ಕಾಣುತ್ತಾರೆ. ಉಂಗುರ ತಿರುಗಿಸುತ್ತ ಹೋದರೆ ಇಬ್ಬರೂ ಸರಿದು ಒಬ್ಬರಾಗುತ್ತಾರೆ. ಆಗ ಒತ್ತಬೇಕು. ನಮ್ಮ ಅತ್ತೆಯವರಿಗೆ ಒಮ್ಮೆ ತೋರಿಸಿದಾಗ ಅವರು ಒಂದು ಕಣ್ಣು ಮುಚ್ಚಿ ನೋಡಿ, "ನಿಮ್ಮ ಮಾವನ್ನ ಇಬ್ಬರನ್ನ ಮಾಡಿ ತೋರಸಬ್ಯಾಡವಾ, ಒಬ್ಬರನ್ನ ಸಂಭಾಳಿಸೋದ ಸಾಕಾಗೇದ" ಎಂದಿದ್ದರು.

ನಾನು ಸೇರಿದ ಕಾಲಕ್ಕೆ ಇವಕ್ಕೆ ಬೆಲೆಯೇ ಇರಲಿಲ್ಲ. ಮಸೂರದ ಮೂಲಕವೇ ನೋಡುವ ಜಪಾನಿ ಕ್ಯಾಮೆರಾಗಳು ಬಂದು, ಮದುವೆಯ ಫೋಟೋದವರೆಲ್ಲ ಅವುಗಳ ಹಿಂದೆ ಬಿದ್ದಿದ್ದರು. ರೇಂಜ್‌ಫೈಂಡರುಗಳು ಹಳೇ ಸಾಮಾನು ಮಾರುವ ಜುನಾ ಬಾಜಾರದಲ್ಲಿ ಗೋಣಿಚೀಲದ ಮೇಲೆ ನಲ್ಲಿ, ಬೀಗ, ಹಳೇ ಇಸ್ತ್ರಿಪೆಟ್ಟಿಗೆಗಳ ಜೊತೆ ಬಿದ್ದಿರುತ್ತಿದ್ದವು. ದಾಮಲೆ ಸಾಹೇಬರು ರವಿವಾರ ಅಲ್ಲಿಗೆ ಹೋಗಿ ಒಂದೆರಡನ್ನು ತಂದರೆ ಅವರ ಹೆಂಡತಿ ಫೋನು ಮಾಡಿ ನನಗೆ ಬೈಯುತ್ತಿದ್ದರು, ನಾನೇ ಕಳಿಸಿದೆನೇನೋ ಎಂಬಂತೆ. "ನಿಮ್ಮ ಸಾಹೇಬರಿಗೆ ಹೇಳು ಸುಧಾ, ತರಕಾರಿ ತರ್ಲಿಕ್ಕೆ ಹೋದವರು ಮೆಂತ್ಯದ ಚೀಲದಾಗ ಇದನ್ನ ಹಾಕಿಕೊಂಡು ಬಂದಾರ!" ಅವರು ಹೇಳಿದ್ದು ಮರಾಠಿಯಲ್ಲಿ. ನನಗೆ ಯಾಕೋ ಅದು ಧಾರವಾಡದ ಮಾತಾಗಿಯೇ ನೆನಪಿದೆ.

ದಾಮಲೆಯವರು ಒಳ್ಳೆಯ ಸಾಹೇಬರು, ಆದರೆ ತಪ್ಪು ಮಾಡದವರೇನಲ್ಲ. ಒಂದು ಸಲ ಗಿರಾಕಿಯೊಬ್ಬರು ಮಾರಿಕೊಡಿ ಎಂದು ಬಿಟ್ಟುಹೋದ ಚೆಂದದ ಕ್ಯಾಮೆರಾವನ್ನು ತಾವೇ ಒರೆಸಿ, ಕಿಟಕಿಯ ಗಾಜಿನ ಹಿಂದೆ ರಸ್ತೆಗೆ ಮುಖಮಾಡಿ ಇಟ್ಟರು. ಕಿಟಕಿ ಇದ್ದದ್ದು ಪಶ್ಚಿಮಕ್ಕೆ. ರೇಂಜ್‌ಫೈಂಡರಿನ ಒಳಗೆ ಕನ್ನಡಿ ಇರುವುದಿಲ್ಲ, ಮಸೂರದ ಹಿಂದೆ ನೇರವಾಗಿ ಕಪ್ಪು ಬಟ್ಟೆಯ ಪರದೆ, ಅಂದರೆ ಶಟರು. ಸಂಜೆಯ ಬಿಸಿಲು ಮಸೂರದಿಂದ ಹಾದು ಆ ಬಟ್ಟೆಯಲ್ಲಿ ಸಾಸಿವೆಗಿಂತ ಸಣ್ಣ ತೂತು ಸುಟ್ಟಿತು. ಭೂತಗನ್ನಡಿಯಿಂದ ಕಾಗದ ಸುಡುವುದನ್ನು ಶಾಲೆಯಲ್ಲಿ ನಾವೆಲ್ಲ ಮಾಡಿದವರೇ. ಸಾಹೇಬರು ಗಿರಾಕಿಗೆ ತಾವೇ ಫೋನು ಮಾಡಿ, "ನಿಮ್ಮ ಕ್ಯಾಮೆರಾದ ಪರದೆಯನ್ನು ನಾನು ಸುಟ್ಟಿದ್ದೇನೆ, ಹೊಸದು ಹಾಕಿಸುತ್ತೇನೆ, ಸಿಟ್ಟು ಮಾಡಲಿಕ್ಕೆ ನಾಳೆ ಬನ್ನಿ, ಇವತ್ತು ನನ್ನ ಹೆಂಡತಿಯ ಹುಟ್ಟುಹಬ್ಬ" ಎಂದರು. ಆ ಗಿರಾಕಿ ಮರುದಿನ ಬಂದರು, ಸಿಟ್ಟೂ ಮಾಡಿದರು, ಆಮೇಲೆ ಕೊನೆಯವರೆಗೂ ನಮ್ಮ ಅಂಗಡಿ ಬಿಟ್ಟು ಬೇರೆ ಕಡೆ ಹೋಗಲಿಲ್ಲ.

ನಮ್ಮಲ್ಲಿ ಕ್ಯಾಮೆರಾಗಳಿಗೆ ಸಂಗ್ರಾಹಕರು ಹುಟ್ಟಿಕೊಂಡದ್ದು ಡಿಜಿಟಲ್ ಬಂದ ಮೇಲೆ. ಯಾರಿಗೂ ಬೇಡವಾದ ವಸ್ತು ಕೆಲವರಿಗೆ ಬಹಳ ಬೇಕಾಯಿತು. ಬೆಲೆ ಏರಿದ ಕೂಡಲೇ ನಕಲೂ ಬಂತು. ರಷ್ಯದ ಕ್ಯಾಮೆರಾದ ಮೇಲಿನ ಹೆಸರು ಅಳಿಸಿ, ಜರ್ಮನ್ ಹೆಸರು ಕೆತ್ತಿ, ಬಂಗಾರದ ನೀರು ಕುಡಿಸಿ, ಹಾವಿನ ಚರ್ಮದಂಥದ್ದೇನೋ ಅಂಟಿಸಿ ತರುತ್ತಿದ್ದರು. ಇದಕ್ಕೆ ಉಪಾಯ ಸುಲಭ. ಮಸೂರ ಬಿಚ್ಚಿ, ಒಳಗೆ ಮೇಲ್ಗಡೆ ನೋಡಿ. ಮಸೂರ ಎಷ್ಟು ಸರಿಯಿತು ಎಂದು ಕಿಂಡಿಗಳಿಗೆ ತಿಳಿಸುವ ಒಂದು ಪುಟ್ಟ ತೋಳು ಇರುತ್ತದೆ. ಅದರ ತುದಿಯಲ್ಲಿ ಗಾಲಿ ಇದ್ದರೆ ಜರ್ಮನ್, ನಾಲಿಗೆಯಂತೆ ಚಪ್ಪಟೆ ಇದ್ದರೆ ರಷ್ಯ. ಹೊರಗಿನ ಹೆಸರು ಬದಲಿಸಿದವರು ಒಳಗಿನ ನಾಲಿಗೆ ಬದಲಿಸುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಆದರೆ ನಕಲಿ ಎಂದು ಮುಖಕ್ಕೆ ಹೊಡೆದಂತೆ ಹೇಳಬೇಡಿ. ರಷ್ಯದ ಕ್ಯಾಮೆರಾದಲ್ಲೂ ಒಳ್ಳೆಯ ಫೋಟೋ ಬರುತ್ತದೆ. ಅದನ್ನು ಮೊದಲು ಹೇಳಿ, ಉಳಿದದ್ದನ್ನು ಆಮೇಲೆ.

ಈಗಿನವರು ಫೋನಿನಲ್ಲಿ ಫೋಟೋ ತರಿಸಿಕೊಂಡು ಬೆಲೆ ಹೇಳುತ್ತಾರೆ. ನನಗೆ ಅದು ಬರಲಿಲ್ಲ. ಫೋಟೋದಲ್ಲಿ ಬೂಷ್ಟಿನ ವಾಸನೆ ಬರುವುದಿಲ್ಲ. ಪುಣೆಯ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಕ್ಯಾಮೆರಾದ ಮಸೂರಕ್ಕೆ ಜೇಡರ ಬಲೆಯಂತೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಹೆದರಿ ಕೆಲವರು ಅಕ್ಕಿ ಡಬ್ಬಿಯಲ್ಲಿ ಹುಗಿದಿಡುತ್ತಿದ್ದರು. ಉಂಗುರ ತಿರುಗಿಸಿದರೆ ಕರಕರ ಎಂದು ಅಕ್ಕಿಹಿಟ್ಟು ಉದುರುತ್ತಿತ್ತು. ಕಿವಿ ಹಚ್ಚಿ ಕೇಳುವುದೂ ಫೋಟೋದಲ್ಲಿ ಆಗುವುದಿಲ್ಲ. ಪರದೆಯನ್ನು ಒಂದು ಸೆಕೆಂಡು ತೆರೆದಿರುವಂತೆ ಇಟ್ಟು ಒತ್ತಿದಾಗ ಒಳಗಿನ ಚಕ್ರಗಳು ಸಮಾಧಾನದಿಂದ ಗುನುಗಬೇಕು. ನಡುವೆ ತಡವರಿಸಿದರೆ ಎಣ್ಣೆ ಗಟ್ಟಿಯಾಗಿದೆ ಎಂದು ಅರ್ಥ.

ಇಷ್ಟೆಲ್ಲ ಹೇಳಿದ ಮೇಲೂ ಬಂದವರು ಕೇಳುವುದು ಒಂದೇ, ನೀವು ಕಂಡ ಎಲ್ಲಕ್ಕಿಂತ ಬೆಲೆಬಾಳುವ ಕ್ಯಾಮೆರಾ ಯಾವುದು ಎಂದು. ಅದು ಅನಂತರಾವ್ ಮತ್ತು ಗಿರೀಶ ಎಂಬ ಅಣ್ಣತಮ್ಮಂದಿರದು.

ಇಬ್ಬರೂ ಒಂದೇ ದಿನ ಬಂದರು, ಬೇರೆಬೇರೆ ಗಾಡಿಗಳ ಮೇಲೆ. ಅಣ್ಣ ಅನಂತರಾವ್ ಯೆರವಡಾದಿಂದ, ಹೆಂಡತಿ ಸುಮನ್ ಜೊತೆಗೆ. ತಮ್ಮ ಗಿರೀಶ ನಿಗಡಿಯಿಂದ. ಅವನಿಗೆ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಕೆಲಸ. ಮೂಲ ಬೆಳಗಾವಿ ಕಡೆಯವರು. ಮರಾಠಿಯಲ್ಲಿ ಶುರು ಮಾಡಿ, ನನ್ನ ಮಾತಿನ ಎಳೆತ ಕೇಳಿ, "ಅಯ್ಯ, ನಮ್ಮ ಕಡೆಯವರ ಏನ್ರಿ ನೀವು?" ಎಂದು ಕನ್ನಡಕ್ಕೆ ಬಂದರು. ಆದರೆ ಇಬ್ಬರೂ ಮಾತಾಡಿದ್ದು ನನ್ನ ಜೊತೆ ಮಾತ್ರ.

"ಕ್ಯಾಮೆರಾ ಅಪ್ಪಂದು. ನೀವು ಬೆಲಿ ಹೇಳ್ರಿ, ಅರ್ಧ ಅವರಿಗೆ, ಅರ್ಧ ನನಗ," ಎಂದ ಗಿರೀಶ, ಗೋಡೆಯ ಕ್ಯಾಲೆಂಡರ್ ನೋಡುತ್ತ.

"ಅಕ್ಕಾರ, ಅವಗ ಹೇಳ್ರಿ, ಅರ್ಧ ಅಂತ ನಾನೂ ಒಪ್ಪೇನಿ," ಎಂದರು ಅನಂತರಾವ್, ಅದೇ ಕ್ಯಾಲೆಂಡರ್ ನೋಡುತ್ತ. ಮಧ್ಯೆ ಒಂದೂವರೆ ಕುರ್ಚಿಯಷ್ಟೂ ಅಂತರವಿರಲಿಲ್ಲ.

ಅವರ ತಂದೆ ಪುಣೆಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಫೋಟೋ ತೆಗೆಯುವ ಕೆಲಸದಲ್ಲಿದ್ದರು. ಅಲ್ಲಿಗೆ ಬಂದಿದ್ದ ಜರ್ಮನ್ ಇಂಜಿನಿಯರ್ ಊರಿಗೆ ಮರಳುವಾಗ ತನ್ನ ಕ್ಯಾಮೆರಾವನ್ನು ಅವರಿಗೆ ಕೊಟ್ಟುಹೋಗಿದ್ದ. ಸುಮನ್ ಸೆರಗಿನ ಕೆಳಗಿನಿಂದ ಬಟ್ಟೆಯ ಗಂಟು ತೆಗೆದು, ಬಿಚ್ಚಿ, ಮೇಜಿನ ಮೇಲೆ ಇಟ್ಟಳು. ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ದಾಮಲೆ ಸಾಹೇಬರು, ಆಗ ಅವರಿಗೆ ವಯಸ್ಸಾಗಿತ್ತು, ಎದ್ದು ಬಂದರು.

ಕ್ಯಾಮೆರಾ ಕಪ್ಪು ಬಣ್ಣದ್ದು. ಆ ಮಾದರಿಯವೆಲ್ಲ ಸಾಮಾನ್ಯವಾಗಿ ಬೆಳ್ಳಿಯಂತೆ ಹೊಳೆಯುವಂಥವು. ಹೊಳಪು ಕಣ್ಣಿಗೆ ಬೀಳಬಾರದು ಎನ್ನುವವರಿಗಾಗಿ ಕೆಲವನ್ನು ಮಾತ್ರ ಕಪ್ಪು ಮಾಡಿದ್ದರು. ಕಪ್ಪು ಬಣ್ಣ ಬೇಗ ಸವೆಯುತ್ತದೆ, ಸವೆದರೆ ಜನ ಹೊಸದಾಗಿ ಬಳಿಸುತ್ತಾರೆ. ಹಾಗಾಗಿ ಕಾರ್ಖಾನೆಯ ಬಣ್ಣ ಹಾಗೇ ಉಳಿದದ್ದು ಸಿಗುವುದು ಅಪರೂಪ. ಇದರಲ್ಲಿ ಉಳಿದಿತ್ತು. ಅಂಚುಗಳಲ್ಲಿ ಮಾತ್ರ, ಅವರ ತಂದೆಯ ಹೆಬ್ಬೆರಳು ಕೂತ ಕಡೆ, ಪಟ್ಟಿ ಉಜ್ಜಿದ ಕಡೆ, ಕೆಳಗಿನ ಹಿತ್ತಾಳೆ ತೆಳ್ಳಗೆ ಕಾಣುತ್ತಿತ್ತು. ಅಂಥ ಸವೆತವನ್ನು ಸಂಗ್ರಾಹಕರು ಪ್ರೀತಿಸುತ್ತಾರೆ. ಅದು ಕೈಯಿಂದ ಆದದ್ದು, ಸುಳ್ಳು ಮಾಡಲು ಬರುವುದಿಲ್ಲ.

ನಮ್ಮಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಚೀಟಿಯಲ್ಲಿ ಬರೆದು ತಿರುಗಿಸಿ ಇಡುತ್ತಿದ್ದೆವು. ಅನಂತರಾವ್ ಓದಿ ತಮ್ಮನ ಕಡೆ ಸರಿಸಿದರು. ಒಂದು ಹೊಸ ಕಾರಿನಷ್ಟು ಬೆಲೆ ಅದು. ಇಬ್ಬರ ಮುಖದಲ್ಲೂ ಸಂತೋಷ ಕಾಣಲಿಲ್ಲ. ಇಷ್ಟಾದರೆ ಒಬ್ಬರು ಇನ್ನೊಬ್ಬರಿಗೆ ಅರ್ಧ ಕೊಟ್ಟು ತಾವೇ ಇಟ್ಟುಕೊಳ್ಳುವ ಮಾತೇ ಇಲ್ಲ.

"ಹಂಗಾದ್ರ ಮಾರೂದ," ಎಂದ ಗಿರೀಶ ನನಗೆ.

"ಮಾರೂದ ಅಂತ ಹೇಳ್ರಿ ಅವಗ," ಎಂದರು ಅನಂತರಾವ್.

ನಮ್ಮ ಹಳೆಯ ಗಿರಾಕಿ, ಹಲ್ಲಿನ ಡಾಕ್ಟರು ಲಿಮಯೆ, ಇಂಥ ಕ್ಯಾಮೆರಾಕ್ಕಾಗಿ ಎಷ್ಟೋ ವರ್ಷದಿಂದ ಕಾಯುತ್ತಿದ್ದರು. ದಸರೆ ಮುಗಿದ ಮೇಲೆ ಬಂದು ಕೊಳ್ಳುತ್ತೇನೆ ಎಂದು ಫೋನಿನಲ್ಲೇ ಒಪ್ಪಿದರು. ಅಲ್ಲಿಯವರೆಗೆ ಅದು ಅಣ್ಣನ ಮನೆಯಲ್ಲಿರಲಿ ಎಂದಾಯಿತು. ಬೆಲೆ ಕಟ್ಟಿದ ಮೇಲೆ ನಾನು ಎಲ್ಲರಿಗೂ ಹೇಳುವ ಮಾತನ್ನು ಇವರಿಗೂ ಹೇಳಿದೆ. ತೊಳೆಯಬೇಡಿ, ಬಟ್ಟೆಯಿಂದಲೂ ಒರೆಸಬೇಡಿ, ಎಣ್ಣೆ ಹಚ್ಚಬೇಡಿ. ಇದರ ಬೆಲೆಯೆಲ್ಲ ಈ ಕಪ್ಪು ಬಣ್ಣದ್ದು. ಮನೆಯಲ್ಲಿ ಧೂಳು ಹೊಡೆಯುವವರು ಯಾರೋ ಅವರಿಗೇ ಹೇಳಬೇಕು ಎಂಬುದು ನನ್ನ ಪದ್ಧತಿ. ಅದಕ್ಕೆ ಸುಮನ್ ಕಡೆಗೇ ತಿರುಗಿ, ನಮ್ಮ ಕಡೆ ಅತ್ತಿಗೆಯನ್ನು ಕರೆಯುವಂತೆ, "ವೈನಿ, ನಿಮಗೂ ಹೇಳ್ತೀನಿ, ಅರಿವೀಲೆ ಸೈತ ಒರಸಬ್ಯಾಡ್ರಿ" ಎಂದೆ. ಅವಳು ತಲೆಯಾಡಿಸಿದಳು.

ಗಂಡಸರಿಬ್ಬರೂ ಗಾಡಿ ತೆಗೆಯಲು ಕೆಳಗಿಳಿದರು. ಸುಮನ್ ಗಂಟು ಕಟ್ಟುತ್ತ ಹಿಂದೆ ಉಳಿದಳು.

"ಜಗಳ ಯಾತಕ್ಕಾತ್ರಿ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು, ಆದರೆ ಊರ ಕಡೆಯ ಮಾತು ಕಿವಿಗೆ ಬಿದ್ದರೆ ನನಗೆ ತಡೆಯಲಾಗುವುದಿಲ್ಲ.

"ಮಾವನವರ ಹದಿಮೂರನೇ ದಿವಸದ ಊಟದಾಗ ಒಂದು ಮಾತಿಗೆ ಒಂದು ಮಾತು ಬಂತ್ರಿ. ಏನ್ ಮಾತಂತ ಈಗ ಇಬ್ಬರಿಗೂ ಸರಿಯಾಗಿ ನೆನಪಿಲ್ಲ," ಎಂದಳು. "ಮನಿ ಆತು, ಭಾಂಡಿ ಆತು, ಎಲ್ಲಾ ಪಾಲಾತು. ಇದೊಂದ ಉಳದದ. ಇದಕ್ಕಾಗಿನ ಇವತ್ತ ಒಂದ ಕಡೆ ಕೂತ್ರು. ಇದೂ ಹೋತಂದ್ರ ಇವರಿಬ್ಬರೂ ಮತ್ತ ಯಾತಕ್ಕ ಕೂಡ್ತಾರ್ರಿ?"

ಬೆಲೆ ಕಟ್ಟುವವಳು ಬೆಲೆ ಕಟ್ಟಬೇಕು, ಅಷ್ಟೇ. ಸುಮನ್ ಗಂಟನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು.

ದಸರೆ ಮುಗಿದ ವಾರದಲ್ಲಿ ಎಲ್ಲರೂ ಸೇರಿದರು. ಲಿಮಯೆ ಡಾಕ್ಟರು ಬಿಳಿ ಕೈಗವಸು ತಂದಿದ್ದರು. ದಾಮಲೆ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅಣ್ಣತಮ್ಮಂದಿರು ಮತ್ತೆ ಕ್ಯಾಲೆಂಡರ್ ನೋಡುತ್ತ ಕೂತರು. ಸುಮನ್ ಗಂಟು ಬಿಚ್ಚಿದಳು.

ಕ್ಯಾಮೆರಾ ದೇವರ ಮನೆಯ ಗಂಟೆಯಂತೆ ಥಳಥಳ ಹೊಳೆಯುತ್ತಿತ್ತು. ಕಪ್ಪು ಎಂಬುದು ಹೆಸರಿಗೂ ಇಲ್ಲ. ಮೇಲಿಂದ ಕೆಳಗೆ, ಮೂಲೆ ಸಂದಿ ಬಿಡದೆ, ಬರೀ ಹಿತ್ತಾಳೆ.

"ಅರೇ ದೇವಾ," ಎಂದು ದಾಮಲೆ ಸಾಹೇಬರು ಕೂತುಬಿಟ್ಟರು. ಡಾಕ್ಟರು ಒಂದು ಕೈಗವಸು ಹಾಕಿಕೊಂಡಿದ್ದರು, ಇನ್ನೊಂದು ಹಾಕಿಕೊಳ್ಳಲಿಲ್ಲ.

"ಖಂಡೇನವಮಿ, ಆಯುಧಪೂಜಾ ಇತ್ತಲ್ರಿ," ಎಂದಳು ಸುಮನ್. "ಮಾವನವರು ಪ್ರತಿ ವರ್ಷ ಇದನ್ನ ಪೂಜಾಕ್ಕ ಇಡ್ತಿದ್ರು. ಹೊಲಸು ಹೆಂಗ ಇಡೋದು ಅಂತ ಹುಣಸಿಹಣ್ಣು ಹಚ್ಚಿ, ಪುಡಿ ಹಾಕಿ, ಭಾಂಡಿ ತಿಕ್ಕೋ ತಂತೀಲೆ ಬೆಳಗಿದೆ. ಒಳಗ ಬಂಗಾರದಂಥಾದ್ದು ಇತ್ತು ನೋಡ್ರಿ!"

"ಒರಸಬ್ಯಾಡ ಅಂದಿರಲಿಲ್ಲೇನ ಅವರು?" ಎಂದರು ಅನಂತರಾವ್, ಹೆಂಡತಿಗೆ.

"ಅರಿವೀಲೆ ಒರಸಬ್ಯಾಡ ಅಂದಿದ್ರು. ನಾ ಅರಿವಿ ಮುಟ್ಟಿಲ್ಲ."

ಡಾಕ್ಟರು ಮೆಲ್ಲಗೆ, ಹಲ್ಲು ಕೀಳಬೇಕಾದವರಿಗೆ ಹೇಳುವ ಧ್ವನಿಯಲ್ಲಿ, ಇದನ್ನು ನಾನು ಕೊಳ್ಳಲಾರೆ ಎಂದರು. ಕೈಯಿಂದ ಸವೆದ ಹಿತ್ತಾಳೆ ಬೇರೆ, ತಂತಿಯಿಂದ ತಿಕ್ಕಿದ ಹಿತ್ತಾಳೆ ಬೇರೆ. ಬೆರಳೇ ಹೋಗದ ಸಂದಿಗಳೂ ಹೊಳೆಯುತ್ತಿದ್ದವು. ಯಾವ ಸಂಗ್ರಾಹಕರೂ ಮುಟ್ಟುವುದಿಲ್ಲ. ನಡೆಯುವ ಕ್ಯಾಮೆರಾ ಎಂದು ಯಾರಾದರೂ ಕೊಂಡರೆ, ಕಾರಿನ ಬೆಲೆಯದು ಸ್ಕೂಟರಿನ ಬೆಲೆಗೆ ಇಳಿದಿತ್ತು.

ಅನಂತರಾವ್ ಎದ್ದು ನಿಂತರು. "ನಿನಗ ಬುದ್ಧಿ ಅದ ಇಲ್ಲ? ಅಪ್ಪನ ಕೈಯಾಗ ಇದ್ದಿದ್ದ ವಸ್ತು. ಹಬ್ಬ ಅಂದ್ರ ಸಾಕು, ಕಂಡದ್ದೆಲ್ಲಾ ತಿಕ್ಕೋದ. ನಾಳೆ ನನ್ನನ್ನೂ ತಿಕ್ಕಿ ಗೂಟಕ್ಕ ಹಾಕ್ತಿ!"

ಸುಮನ್ ನೆಲ ನೋಡುತ್ತ ನಿಂತಿದ್ದಳು. ಗಿರೀಶ ಬಾಯಿ ತೆರೆದ. "ಅಕ್ಕಾರ, ಅವರಿಗೆ ಹೇಳ್ರಿ…" ಎಂದು ನನ್ನ ಕಡೆ ತಿರುಗಿದವನು, ಏನೆನ್ನಿಸಿತೋ, ಅಣ್ಣನ ಕಡೆಗೇ ತಿರುಗಿದ.

"ನೀ ವೈನಿಗೆ ಬೈಬ್ಯಾಡ."

ಸುಮನ್ ತಲೆ ಎತ್ತಿದಳು.

"ನಡುವ ಬರ್ಲಿಕ್ಕೆ ನೀ ಯಾಂವ?" ಎಂದರು ಅನಂತರಾವ್, ಅವನ ಮುಖ ನೋಡಿಯೇ.

"ಯಾಂವ ಅಂದ್ರ? ಅದರಾಗ ಅರ್ಧ ನಂದು. ನನ್ನ ಅರ್ಧಾ ಚೊಲೋ ಹೊಳ್ಯಾಕತ್ತದ, ನನಗೇನ ತಕರಾರಿಲ್ಲ. ನಿನ್ನ ಅರ್ಧಾಕ್ಕ ಬೇಕಾದ್ರ ಕರಿ ಬಣ್ಣ ಹೊಡಸ್ಕೋ."

ದಾಮಲೆ ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವರು ಮೊದಲು ನಕ್ಕರು. ಆಮೇಲೆ ಡಾಕ್ಟರು. ಅನಂತರಾವ್ ಕ್ಯಾಮೆರಾ ಎತ್ತಿಕೊಂಡು, ಬೈಯಲೋ ಬೇಡವೋ ತಿಳಿಯದೆ, ಅದನ್ನು ಕಣ್ಣಿಗೆ ಹಚ್ಚಿಕೊಂಡರು. ಉಂಗುರ ತಿರುಗಿಸುತ್ತ ತಮ್ಮನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಕೆಳಗಿಳಿಸಿದಾಗ ಕಣ್ಣು ಕೆಂಪಾಗಿದ್ದವು.

"ಮೊದಲ ವರ್ಷ ನನ್ನ ಮನ್ಯಾಗ ಇರ್ತದ," ಎಂದರು.

"ಯಾಕ? ಇಷ್ಟ ದಿವಸ ನಿನ್ನ ಕಡೇನ ಇತ್ತು. ಮೊದಲ ನಿಗಡೀಗೆ."

"ಹಿರಿಯಾವ ನಾ."

"ಹಿರಿಯಾವ ಅಂದ್ರ ಮೊದಲ ಕೊಡಬೇಕು. ಮುಂದಿನ ಖಂಡೇನವಮೀಗೆ ನಾನ ತಂದುಕೊಡ್ತೀನಿ, ಪೂಜಾ ನಿನ್ನ ಮನ್ಯಾಗ ಮಾಡೋಣು. ಮತ್ತ ಅದರ ಮುಂದಿನ ವರ್ಷ ನೀ ತಗೊಂಡ ಬಾ."

ಹೀಗೆ ಜಗಳಾಡುತ್ತಲೇ ಇಬ್ಬರೂ ಮೆಟ್ಟಿಲಿಳಿದರು. ಡಾಕ್ಟರು ಕೈಗವಸನ್ನು ಜೇಬಿಗೆ ಹಾಕಿಕೊಂಡು, ನಿಟ್ಟುಸಿರು ಬಿಟ್ಟು, ಹೊರಟರು. ಕ್ಯಾಮೆರಾ ಮೇಜಿನ ಮೇಲೆಯೇ ಉಳಿದಿತ್ತು. ಸುಮನ್ ಗಂಟು ಕಟ್ಟಲು ಬಟ್ಟೆ ಹಾಸುತ್ತಿದ್ದಳು. ಅಭ್ಯಾಸದಿಂದ ನಾನು ಒಮ್ಮೆ ಪರೀಕ್ಷಿಸಿದೆ. ಒಂದು ಸೆಕೆಂಡಿಗೆ ಇಟ್ಟು ಒತ್ತಿದೆ, ಸಮಾಧಾನದಿಂದ ಗುನುಗಿತು. ಮಸೂರದ ಮೇಲೆ ಒಂದು ಗೀರಿಲ್ಲ. ಮಸೂರವನ್ನು ಬಿಚ್ಚಿಟ್ಟು, ಕ್ಯಾಮೆರಾದ ಬಾಯಿಗೆ ಹತ್ತಿ ತುಂಬಿ ತಿಕ್ಕಿದ್ದಾಳೆ. ಕಿಂಡಿಗಳೂ ಸ್ವಚ್ಛ, ಆದರೆ ಅಂಚಿನಲ್ಲಿ ಏನೋ ಅಂಟು. ಭೂತಗನ್ನಡಿ ಹಿಡಿದು ನೋಡಿದೆ. ಎರಡೂ ಕಿಂಡಿಗಳ ಸುತ್ತ ದುಂಡಗೆ ಗೋಂದಿನ ಗುರುತು. ಸಣ್ಣದಕ್ಕೆ ಸಣ್ಣ ಗುಂಡು, ದೊಡ್ಡದಕ್ಕೆ ದೊಡ್ಡದು. ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಟಿಕಲಿಯ ಅಳತೆ.

ಗಾಜಿಗೆ ಪುಡಿ ತಾಗಬಾರದು, ತಾಗಿದರೆ ಕ್ಯಾಮೆರಾ ಕುರುಡಾಗುತ್ತದೆ ಎಂದು ತಿಳಿದವರು ಮಾತ್ರ ಹೀಗೆ ಮಾಡುತ್ತಾರೆ. ಫೋಟೋ ತೆಗೆಯಲು ಬೇಕಾದದ್ದನ್ನೆಲ್ಲ ಅವಳು ಮುಚ್ಚಿ ಕಾಪಾಡಿದ್ದಳು. ಮಾರಲು ಬೇಕಾದದ್ದನ್ನು ಮಾತ್ರ ತಿಕ್ಕಿ ತೆಗೆದಿದ್ದಳು. ಹಬ್ಬಕ್ಕೆ ಬೆಳಗಿದ ಹೆಂಗಸಿಗೆ ಎಷ್ಟು ಹೊತ್ತು ಅಂತ ಬೈದಾರು ಎಂದೂ ಅವಳಿಗೆ ಗೊತ್ತಿತ್ತು.

"ವೈನಿ," ಎಂದೆ, "ಕಿಂಡಿಗೆ ಟಿಕಲಿ ಯಾಕ ಹಚ್ಚಿದ್ರಿ?"

ಅವಳು ಕ್ಯಾಮೆರಾವನ್ನು ನನ್ನ ಮುಂದಿನಿಂದ ಎತ್ತಿ ಬಟ್ಟೆಯ ಮೇಲೆ ಇಟ್ಟಳು. ಕೆಳಗೆ ಗಲ್ಲಿಯಿಂದ ಇಬ್ಬರ ಧ್ವನಿಯೂ ಕೇಳುತ್ತಿತ್ತು. ಚಹಾದ ದುಡ್ಡು ಯಾರು ಕೊಡಬೇಕೆಂದು ಈಗ ಹೊಸ ಜಗಳ. ಅವಳು ಗಂಟು ಬಿಗಿದು, ಸೆರಗಿನೊಳಗೆ ಸೇರಿಸಿಕೊಂಡು, ನನ್ನ ಮುಖ ನೋಡಿ ಹೇಳಿದಳು:

"ಹಬ್ಬದ ದಿವಸ ಬರೇ ಹಣೀಲೆ ಪೂಜಾಕ್ಕ ಕೂಡಸಬಾರದಲ್ರೀ."